ಹುರುಳಿಯ ಬಿಳಿ ಕಾಲು

ಆಗಸ್ಟ್ 14, ಬೆಳಿಗ್ಗೆ 6.50

ಐದೂವರೆಗೆ ಎದ್ದೆ. ಎದ್ದೆ ಅಂತ ಏನು, ಎಬ್ಬಿಸಿದಳು. ನನ್ನ ನಾಯಿ ಹುರುಳಿ ತಣ್ಣನೆ ಮೂತಿ ತಂದು ಕೆನ್ನೆಗೆ ಒತ್ತಿದರೆ ಮುಗೀತು, ಆಮೇಲೆ ನಿದ್ದೆ ಇಲ್ಲ. ಆರು ಮಹಡಿ ಇಳಿದು ಕಾಲುವೆ ದಂಡೆ ಮೇಲೆ ಎರಡು ಸುತ್ತು. ಅದೇ ಆಲದ ಮರ, ಅದೇ ಹೆಂಗಸರ ಡ್ಯಾನ್ಸು, ಸ್ಪೀಕರಿನಲ್ಲಿ ಅದೇ ಹಾಡು. ಎಂಟು ವರ್ಷ ನೋಡಿ ನೋಡಿ ನನಗೂ ಸ್ಟೆಪ್ಪು ಬರುತ್ತೆ. ಯಾರಿಗೂ ಹೇಳಿಲ್ಲ.

ವಾಪಸ್ ಬರುವಾಗ ಗೇಟಿನಲ್ಲಿ ವಾಚ್‌ಮನ್ ಲಾವ್ ಕೆ ಕರೆದ. ಬೆಳಗಾಗೋ ಮುಂಚೆಯೇ ಚಹಾದ ತಟ್ಟೆ, ಬಟ್ಟಲು ಹರಡಿಕೊಂಡು ಕೂತಿರ್ತಾನೆ.

"ಕಲ್ಲಕ್ಕ, ನೋಟೀಸ್ ನೋಡಿದ್ಯಾ?"

ದಿನವಿಡೀ ಕಲ್ಲಿನ ಯಾರ್ಡಿನಲ್ಲಿ ಗ್ರಾನೈಟ್ ತಟ್ಟಿ ಪರೀಕ್ಷೆ ಮಾಡ್ಕೊಂಡಿರ್ತೀನಿ ಅಂತ ಈ ಊರು ಇಟ್ಟ ಹೆಸರು. ಚಾಮರಾಜನಗರದ ಗಿರಿಜಾಂಬ ಅಂದ್ರೆ ಚೀನಾದ ಈ ಶುಯಿತೋದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಕಲ್ಲಕ್ಕ ಅಂದ್ರೆ ಮೀನಿನಂಗಡಿಯವಳೂ ಮನೆ ತೋರಿಸ್ತಾಳೆ.

ನೋಟೀಸ್ ಓದಿದೆ. ಸೆಪ್ಟೆಂಬರ್ ಹತ್ತಕ್ಕೆ ಮನೆಮನೆ ತಪಾಸಣೆ. ಲೈಸೆನ್ಸ್ ಕಾರ್ಡ್ ಇಲ್ಲದ ನಾಯಿ ವ್ಯಾನಿಗೆ.

"ವ್ಯಾನಿಗೆ ಹಾಕಿ ಎಲ್ಲಿಗೆ ಒಯ್ತಾರೆ?"

"ನನ್ನ ಕೇಳ್ಬೇಡ. ಹೋದದ್ದು ನೋಡಿದೀನಿ, ಬಂದದ್ದು ನೋಡಿಲ್ಲ" ಅಂದ ಲಾವ್ ಕೆ.

ಆಗಲಿ. ಇಂಜೆಕ್ಷನ್ ಚೀಟಿ ಇದೆ. ಫೋಟೋ ತೆಗೆಸಿದರಾಯ್ತು. ಬಾಡಿಗೆಯವರಿಗೆ ಮನೆ ಓನರ್ ಸಹಿ ಬೇಕಂತೆ. ಓನರ್ ಹಾಂಗ್ ಚಿಕ್ಕಮ್ಮ ನೆಲಮಹಡಿಯಲ್ಲೇ ಇದಾರೆ. ಯಾರ್ಡಿನಲ್ಲಿದ್ದ ಹುರುಳೀನ ಮೇ ತಿಂಗಳಲ್ಲಿ ಮನೆಗೆ ತಂದಾಗಲೂ ಏನೂ ಅನ್ನಲಿಲ್ಲ. ಎದುರು ಸಿಕ್ಕರೆ ಗೋಡೆಗೆ ಒತ್ತಿಕೊಂಡು ನಿಲ್ತಾರೆ — ನಾಯಿ ಅಂದ್ರೆ ಭಯ ಇರಬೇಕು. ನಾಳೆ ಸಂಜೆ ಹತ್ತು ನಿಮಿಷದ ಕೆಲಸ.

ಆಗಸ್ಟ್ 15, ಸಂಜೆ

ಹತ್ತು ನಿಮಿಷವೇ ಆಯ್ತು. ಕೆಲಸ ಆಗಲಿಲ್ಲ.

ಒಳ್ಳೆ ಚಕ್ಕೋತ ಎರಡು ಆರಿಸಿ ತಗೊಂಡು ಹೋಗಿದ್ದೆ. ಚಿಕ್ಕಮ್ಮ ಖುಷಿಯಾಗೇ ಚಹಾ ಬಗ್ಗಿಸಿದರು. ಮೂರನೇ ಬಟ್ಟಲಿಗೆ ವಿಷಯ ತೆಗೆದೆ.

"ಒಂದು ಸಹಿ ಬೇಕಿತ್ತು ಚಿಕ್ಕಮ್ಮ. ನಾಯಿ ಕಾರ್ಡಿಗೆ."

"ಬೇರೆ ಏನಾದ್ರೂ ಕೇಳು. ಅದೊಂದು ಆಗಲ್ಲ."

"ಬೊಗಳಲ್ಲ, ಗಲೀಜು ಮಾಡಲ್ಲ. ಯಾಕೆ ಆಗಲ್ಲ?"

"ಅದರ ಕಾಲು ನೋಡಿದೀಯಾ? ಮೈಯೆಲ್ಲಾ ಕಂದು, ಕಾಲು ನಾಲ್ಕೂ ಬಿಳಿ. ಸಾವಿನ ಮನೇಲಿ ಉಡೋ ಬಿಳಿ ಬಟ್ಟೆ ತೊಟ್ಟುಕೊಂಡೇ ಹುಟ್ಟಿದೆ. ಅಂಥದ್ದು ಮನೆ ಸೇರಿದ್ರೆ ಒಬ್ಬರನ್ನ ಕರ್ಕೊಂಡೇ ಹೋಗೋದು."

ನಕ್ಕುಬಿಟ್ಟೆ. ನಗಬಾರದಿತ್ತು.

"ನಗು. ಎರಡು ವರ್ಷದ ಹಿಂದೆ ಬಿಳಿ ಕಾಲಿನ ಬೆಕ್ಕೊಂದು ನಮ್ಮ ಹಿತ್ತಲಲ್ಲಿ ಮರಿ ಹಾಕ್ತು. ಓಡಿಸ್ರೀ ಅಂದೆ. ನಮ್ಮನೆಯವರು ಕೇಳಲಿಲ್ಲ, ದಿನಾ ಮೀನು ಹಾಕಿ ಸಾಕಿದ್ರು. ಮೂರು ತಿಂಗಳಿಗೆ ಅವರೇ ಇಲ್ಲ. ಈಗ ನೀನು ಬಂದು ಸಹಿ ಹಾಕು ಅಂತೀಯ. ಹೋಗಮ್ಮ, ಚಕ್ಕೋತಾನೂ ತಗೊಂಡು ಹೋಗು."

ಚಕ್ಕೋತ ಅಲ್ಲೇ ಬಿಟ್ಟು ಬಂದೆ. ಗೋಡೆ ಮೇಲಿನ ಫೋಟೋದಲ್ಲಿ ಅವರ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಪಾಪದ ಮನುಷ್ಯ, ಎದುರು ಸಿಕ್ಕಾಗಲೆಲ್ಲ ಊಟ ಆಯ್ತಾ ಅಂತ ಕೇಳೋರು.

ಆಗಸ್ಟ್ 16, ಮಧ್ಯಾಹ್ನ — ಯಾರ್ಡಿನಲ್ಲಿ

ಬೆಳಿಗ್ಗೆ ಕಲ್ಲಿನ ಒಂದು ಲಾಟಿನಲ್ಲಿ ಮೋಸ ಹಿಡಿದೆ. ಅಪ್ಪಟ ಕರಿಕಲ್ಲು ಅಂತ ತಂದು ನಿಲ್ಲಿಸಿದ್ರು. ಉಗುರುಬಣ್ಣ ತೆಗೆಯೋ ದ್ರಾವಣದಲ್ಲಿ ಹತ್ತಿ ಅದ್ದಿ ಉಜ್ಜಿದೆ, ಹತ್ತಿ ಕಪ್ಪಾಯ್ತು. ಬೂದಿ ಕಲ್ಲಿಗೆ ಬಣ್ಣ ಹಾಕಿ ತಂದಿದಾರೆ. ಲಾಟಿನ ಮಾಲೀಕ ತಲೆ ಕೆರೆದುಕೊಂಡ.

"ಕಲ್ಲಕ್ಕ, ನಿನ್ನ ಕಣ್ಣಿಗೆ ಮಣ್ಣೆರಚೋಕಾಗಲ್ಲ ಬಿಡು."

ಹೌದು, ಆಗಲ್ಲ. ಎಂಟು ವರ್ಷದಲ್ಲಿ ಒಬ್ಬನ ಕೈಲೂ ಆಗಿಲ್ಲ.

ಊಟಕ್ಕೆ ಕೂತಾಗ ತಲೆಗೆ ಹೊಳೀತು. ಬೂದಿ ಕಲ್ಲು ಕರಿಕಲ್ಲಾಗುತ್ತೆ ಅಂದಮೇಲೆ... ಮನೇಲಿ ಅಕ್ಕ ಕಳಿಸಿದ ಗೋರಂಟಿ ಪುಡಿ ಒಂದು ಪ್ಯಾಕೆಟ್ ಹಾಗೇ ಇದೆ.

ಆಗಸ್ಟ್ 19, ಭಾನುವಾರ

ಮದುವೆ ಹೆಣ್ಣು ಕೂತ ಹಾಗೆ ಕೂತಿದ್ದಳು ಹುರುಳಿ. ನಾಲ್ಕು ಕಾಲಿಗೂ ಗೋರಂಟಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ, ನೆಕ್ಕದ ಹಾಗೆ ಎರಡು ಗಂಟೆ ತಬ್ಬಿಕೊಂಡು ಕೂತೆ. ಒಂದು ಕೆಜಿ ಹಂದಿ ಮೂಳೆ ಖರ್ಚಾಯ್ತು. ತೊಳೆದು ನೋಡಿದ್ರೆ — ಆಹಾ. ಮೈಬಣ್ಣಕ್ಕೂ ಕಾಲಿನ ಬಣ್ಣಕ್ಕೂ ಅಳತೆ ಮಾಡಿದ ಹಾಗೆ.

ಸಂಜೆ ಬೇಕಂತಲೇ ಚಿಕ್ಕಮ್ಮನ ಬಾಗಿಲ ಮುಂದೆ ಕರ್ಕೊಂಡು ಹೋದೆ.

"ನೋಡಿ ಚಿಕ್ಕಮ್ಮ. ಬಿಳೀನೇ ಅಲ್ಲ ಅದು. ಯಾರ್ಡಿನ ಕಲ್ಲಿನ ಪುಡಿ ಹಿಡಿದಿತ್ತು. ಇವತ್ತು ಸೋಪು ಹಾಕಿ ತಿಕ್ಕಿದೆ, ಹೋಯ್ತು."

ತುಂಬಾ ಹೊತ್ತು ನೋಡಿದರು. ಕಾಲನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. ಒಳಗೆ ಹೋಗಿ ಕನ್ನಡಕ, ಪೆನ್ನು ತಂದರು. ಸಹಿ ಹಾಕಿದರು.

ನಂಬಿಬಿಟ್ಟರು ಪಾಪ. ಸ್ವಲ್ಪ ಚುರುಕ್ ಅಂತು. ಆದ್ರೆ ಯಾರಿಗೂ ನಷ್ಟ ಇಲ್ವಲ್ಲ.

ಆಗಸ್ಟ್ 24

ಕಾರ್ಡ್ ಬಂತು. ಫೋಟೋದಲ್ಲಿ ಹುರುಳಿ ನಾಲಿಗೆ ಚಾಚಿಕೊಂಡು, ಕಂದು ಕಾಲು ಊರಿಕೊಂಡು ರಾಣಿ ಥರ ನಿಂತಿದಾಳೆ. ಲಾವ್ ಕೆಗೆ ತೋರಿಸಿದೆ. "ನಿನ್ನ ವಾಸದ ಪರ್ಮಿಟ್ ಫೋಟೋಗಿಂತ ಚೆನ್ನಾಗಿದೆ" ಅಂದ.

ಹಿಡಿದ ಕೆಲಸ ಬಿಟ್ಟವಳಲ್ಲ ನಾನು.

ಸೆಪ್ಟೆಂಬರ್ 5

ಹನ್ನೆರಡು ದಿನ ಬರೆದಿಲ್ಲ. ತೂಫಾನು, ಕಂಟೇನರ್ ಲೋಡಿಂಗು, ಪುರಸೊತ್ತೇ ಇಲ್ಲ.

ಮಳೇಲಿ ನೆನೆದೂ ನೆನೆದೂ ಗೋರಂಟಿ ಬಿಡ್ತಿದೆ. ಕೂದಲ ಬುಡ ಬಿಳಿ, ತುದಿ ಕಿತ್ತಳೆ. ಹತ್ತಿರದಿಂದ ನೋಡಿದರೆ ಸಿಕ್ಕಿಬೀಳೋದು ಖಂಡಿತ. ಮನೇಲಿ ಗೋರಂಟಿ ಇಲ್ಲ. ಊರಿಂದ ತರಿಸೋಕೆ ಟೈಮಿಲ್ಲ. ತಪಾಸಣೆಗೆ ಐದೇ ದಿನ.

ಸಲೂನಿನ ಪಕ್ಕದ ಅಂಗಡೀಲಿ ಕಂದು ಹೇರ್ ಡೈ ತಂದೆ. ಮನುಷ್ಯರ ತಲೆಗೆ ಹಾಕೋದು, ನಾಯಿ ಕಾಲಿಗೇನಾಗುತ್ತೆ. ಈಗ ಹಚ್ಚಿ ಬಂದೆ. ಅರ್ಧ ಗಂಟೆ ಬಿಟ್ಟು ತೊಳೀಬೇಕು.

ಹುರುಳಿ ಕುಂಯ್ ಕುಂಯ್ ಅಂತಿದಾಳೆ. ಮೂಳೆ ಬೇಕಿರಬೇಕು.

ಸೆಪ್ಟೆಂಬರ್ 6

ಮೂಳೆ ಮೂಸಲಿಲ್ಲ.

ಸೆಪ್ಟೆಂಬರ್ 7

ಬರೆಯೋಕೆ ಕೈ ಬರ್ತಿಲ್ಲ. ಬೆಳಿಗ್ಗೆ ಎಬ್ಬಿಸಲಿಲ್ಲ ಅವಳು. ಮೂಲೆ ಹಿಡಿದು ಕೂತಿದ್ದಳು. ಹತ್ತಿರ ಹೋದರೆ ಕಾಲು ಹಿಂದಕ್ಕೆ ಎಳ್ಕೊಂಡಳು. ನನ್ನ ಕಂಡು ಕಾಲು ಎಳ್ಕೊಂಡಳು.

ಸೆಪ್ಟೆಂಬರ್ 8

ನಿನ್ನೆ ಮಧ್ಯಾಹ್ನ ಡಾಕ್ಟರ ಹತ್ತಿರ. ಬೆರಳ ಸಂದಿ ಪೂರ್ತಿ ಬೆಂದ ಹಾಗಾಗಿದೆ. ಕೂದಲು ಬೋಳಿಸಿ, ಮುಲಾಮು ಹಚ್ಚಿ, ನಾಲ್ಕು ಕಾಲಿಗೂ ಬ್ಯಾಂಡೇಜು. ಡಾಕ್ಟರಮ್ಮ ಒಂದೇ ಮಾತು ಕೇಳಿದ್ದು — "ಡಬ್ಬಿ ಮೇಲೆ ಬರೆದದ್ದು ಓದಿದ್ರಾ?" ಇಲ್ಲ ಅಂದೆ. ಲೋಡಿಂಗ್ ಪೇಪರು ಒಂದಕ್ಷರ ಬಿಡದೆ ಓದೋಳು ನಾನು.

ಹದಿನೆಂಟು ಕೆಜಿ ಹುರುಳೀನ ಎತ್ಕೊಂಡು ಗೇಟು ದಾಟಿದೆ. ನೆಲಮಹಡಿ ಮುಂದೆ ಮೇಜು ಹಾಕಿ, ದಿಕ್ಕಿಲ್ಲದ ಆತ್ಮಗಳಿಗೆ ಎಡೆ ಇಡ್ತಿದ್ದರು ಚಿಕ್ಕಮ್ಮ. ಈ ತಿಂಗಳೆಲ್ಲ ಅದೇ, ನಮ್ಮ ಪಿತೃಪಕ್ಷದ ಹಾಗೆ. ಊದುಬತ್ತಿ ಕೈಲಿ ಹಿಡಿದೇ ಬಂದರು.

"ಏನಾಯ್ತು ಅದಕ್ಕೆ?"

ಸುಳ್ಳು ಬಾಯಿಗೆ ಬಂದಿತ್ತು. ಗಾಜು ಚುಚ್ತು ಅನ್ನಬಹುದಿತ್ತು. ಆಗಲಿಲ್ಲ. ಎಲ್ಲಾ ಹೇಳಿದೆ — ಗೋರಂಟಿ, ಡೈ, ಎಲ್ಲಾ.

"ಮೊದಲ ದಿನಾನೇ ಗೊತ್ತಿತ್ತು" ಅಂದರು. "ಕಲ್ಲಿನ ಪುಡಿಯಂತೆ. ನಮ್ಮನೆಯವರು ನಲವತ್ತು ವರ್ಷ ಕಲ್ಲು ಪಾಲಿಶ್ ಹೊಡೆದೋರು. ಅವರ ಬಟ್ಟೆ ಒಗೆದ ಕೈ ಇದು. ಕಲ್ಲಿನ ಪುಡಿ ಯಾವುದು, ಬಣ್ಣ ಯಾವುದು ನನಗೆ ಹೇಳಿಕೊಡ್ತೀಯಾ?"

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ಕಣ್ಣಿಗೆ ಕಾಣ್ದಿದ್ರೆ ಸಾಕು ಅನ್ಕೊಂಡೆ. ನಾನೂ ನಿನ್ನಷ್ಟೇ ಕಳ್ಳಿ." ಬ್ಯಾಂಡೇಜ್ ನೋಡಿದರು. ದನಿ ಬದಲಾಯ್ತು. "ಬಿಳಿ ಕಾಲು ಆಗಿಬರಲ್ಲ ಅಂದೆ, ನಿಜ. ಕಾಲು ಸುಡು ಅಂತ ನಾನು ಅಂದೆನಾ ನಿನಗೆ? ಅಂದೆನಾ?"

ಎಂಟು ವರ್ಷದಲ್ಲಿ ಈ ಊರಲ್ಲಿ ಮೊದಲ ಸಲ ಅತ್ತೆ. ಗೇಟಿನ ಹತ್ತಿರ, ಲಾವ್ ಕೆ ನೋಡ್ತಿದ್ದ ಹಾಗೇ.

ಸೆಪ್ಟೆಂಬರ್ 10, ಸಂಜೆ 4

ಬಂದು ಹೋದರು. ಕ್ರಮವಾಗಿ ಬರೀತೀನಿ.

ಹತ್ತು ಗಂಟೆಗೆ ವ್ಯಾನು ಅಂಗಳಕ್ಕೇ ಬಂತು. ಇಪ್ಪತ್ತೈದರ ಆಸುಪಾಸಿನ ಆಫೀಸರ್ ಹುಡುಗಿ, ಕೈಲಿ ಟ್ಯಾಬ್ಲೆಟ್ಟು, ಜೊತೆಗೆ ಇಬ್ಬರು ಗಂಡಸರು. ಒಬ್ಬನ ಕೈಲಿ ಉದ್ದ ಕೋಲು, ತುದಿಗೆ ಕುಣಿಕೆ. ನಾಯಿ ಇರೋರೆಲ್ಲ ಕೆಳಗೆ ಇಳೀಬೇಕು ಅಂದ್ರು. ಹುರುಳೀನ ಎತ್ಕೊಂಡು ಇಳಿದೆ.

ಕಾರ್ಡ್ ಸ್ಕ್ಯಾನ್ ಮಾಡಿದಳು. ಫೋಟೋ ನೋಡಿದಳು, ನಾಯಿ ನೋಡಿದಳು.

"ಬ್ಯಾಂಡೇಜ್ ಬಿಚ್ಚಿ."

ಒಂದು ಕಾಲಿನದ್ದು ಬಿಚ್ಚಿದೆ. ಕೆಂಪು ಚರ್ಮ, ಅಲ್ಲಲ್ಲಿ ಬಿಳಿ ಕೂದಲಿನ ಚಿಗುರು.

"ಇದು ಆ ನಾಯಿ ಅಲ್ಲ. ಬೇರೆ ನಾಯಿ ಕಾರ್ಡ್ ತೋರಿಸ್ತಿದೀರಾ?"

"ಅದೇ ನಾಯಿ. ಫೋಟೋಗೆ ಮುಂಚೆ ನಾನೇ ಕಾಲಿಗೆ ಬಣ್ಣ ಹಾಕಿದ್ದೆ."

"ನಾಯಿ ಕಾಲಿಗೆ ಯಾರಾದ್ರೂ ಬಣ್ಣ ಹಾಕ್ತಾರಾ ಅಕ್ಕ? ಸ್ವಲ್ಪ ನಂಬೋ ಹಾಗೆ ಹೇಳಿ."

ಸುತ್ತ ನಿಂತೋರು ನಕ್ಕರು. ಕೋಲಿನವನು ಒಂದು ಹೆಜ್ಜೆ ಮುಂದೆ ಬಂದ. ಹುರುಳಿ ನನ್ನ ಕಂಕುಳಲ್ಲಿ ಮೂತಿ ತೂರಿಸಿದಳು. ದಿನಾ ಹತ್ತು ಜನ ವ್ಯಾಪಾರಿಗಳ ಬಾಯಿ ಮುಚ್ಚಿಸೋಳು ಒಂದು ಹೆಜ್ಜೆ ಹಿಂದೆ ಸರಿದೆ.

ಹುಡುಗಿ ಕೆಟ್ಟವಳಲ್ಲ. ಟ್ಯಾಬ್ಲೆಟ್ಟಿನಲ್ಲಿ ಏನೋ ಹುಡುಕಿದಳು. "ಒಂದು ದಾರಿ ಇದೆ. ಇದೇ ನಾಯಿ, ನಾಲ್ಕು ಕಾಲು ಬಿಳಿ, ಮೇ ತಿಂಗಳಿಂದ ನನ್ನ ಮನೇಲಿದೆ, ಇರೋಕೆ ನನ್ನ ಒಪ್ಪಿಗೆ ಇದೆ ಅಂತ ಓನರ್ ಬರೆದು ಹೆಬ್ಬೆಟ್ಟು ಒತ್ತಿಕೊಡಲಿ. ಹೊಸ ಕಾರ್ಡ್ ಮಾಡ್ತೀನಿ. ಇಲ್ಲಾಂದ್ರೆ ಈಗಲೇ ವ್ಯಾನಿಗೆ."

ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಅವರು ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ. ಯಾವ ಮುಖ ಇಟ್ಕೊಂಡು ನೋಡಲಿ.

"ಬಿಳಿ ಕಾಲು ಅಂತ ಬರೀಲೇಬೇಕಾ?" ಅಂದರು.

"ಗುರುತು ಬೇಕಲ್ಲ ಅಜ್ಜಿ."

"ನನ್ನ ಮನೆ ಅಂತಲೂ ಬರೀಬೇಕಾ?"

"ಹೌದು."

ಒಳಗೆ ಹೋದರು. ಮುಗೀತು ಅಂದುಕೊಂಡೆ. ಹುರುಳೀನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡೆ. ಬಾಗಿಲಿಂದ ಯಜಮಾನರ ಫೋಟೋ ಕಾಣ್ತಿತ್ತು. ಚಿಕ್ಕಮ್ಮ ಅದರ ಮುಂದೆ ನಿಂತಿದ್ದರು, ಬೆನ್ನು ನಮ್ಮ ಕಡೆ. ಏನೋ ಹೇಳ್ತಿದ್ದರು, ಕೇಳಿಸಲಿಲ್ಲ. ವ್ಯಾನಿನವನು ಟೈಮ್ ನೋಡಿದ.

ಕೆಂಪು ಮಸಿಯ ಡಬ್ಬಿ ಹಿಡಿದು ಹೊರಗೆ ಬಂದರು.

"ಬರಿ. ನಾಲ್ಕೂ ಬಿಳಿ ಅಂತಲೇ ಬರಿ. ಮೂರು ಅಂತ ಬರೆದು ಮತ್ತೆ ನನ್ನ ಬಾಗಿಲಿಗೆ ಬರಬೇಡ."

ಎಡಗೈಯಿಂದ ಬಲಗೈ ಹಿಡಿದುಕೊಂಡು ಹೆಬ್ಬೆಟ್ಟು ಒತ್ತಿದರು.

ವ್ಯಾನು ಹೋದಮೇಲೆ ಕೇಳಿದೆ, "ಭಯ ಹೋಯ್ತಾ ಚಿಕ್ಕಮ್ಮ?"

"ಎಲ್ಲಿ ಹೋಗುತ್ತೆ? ಇಲ್ಲೇ ಕೂತಿದೆ." ಎದೆ ಮುಟ್ಟಿ ತೋರಿಸಿದರು. "ನಮ್ಮನೆಯವರಿಗೆ ಹೇಳಿ ಬಂದಿದೀನಿ. ನೀವು ಸಾಕಿದ್ದು ತಪ್ಪಲ್ಲ ಅಂತ. ಎರಡು ವರ್ಷದಿಂದ ಫೋಟೋ ಮುಂದೆ ನಿಂತು ದಿನಾ ಬೈತಿದ್ದೆ — ಬೆಕ್ಕಿಗೆ ಯಾಕೆ ಮೀನು ಹಾಕಿದ್ರಿ ಅಂತ."

ಆಮೇಲೆ ಮುಲಾಮಿನ ಡಬ್ಬಿ ನನ್ನ ಕೈಯಿಂದ ಕಿತ್ಕೊಂಡರು. ಇದು ಇನ್ಮೇಲೆ ನನ್ನ ಹತ್ತಿರ ಇರಲಿ, ನಿನ್ನ ನಂಬೋಕಾಗಲ್ಲ ಅಂದರು. ಸರಿಯಾಗೇ ಅಂದರು.

ಸೆಪ್ಟೆಂಬರ್ 16, ಸಂಜೆ 5.10

ಹೊಸ ಕಾರ್ಡ್ ಬಂತು. ಬ್ಯಾಂಡೇಜ್ ಮೂರು ಕಾಲಿನದ್ದು ತೆಗೆದಾಯ್ತು. ಹಿಂದಿನ ಬಲಗಾಲು ಇನ್ನೂ ಊರಲ್ಲ, ಆದ್ರೆ ಇವತ್ತು ಐದೂವರೆಗೆ ಎಬ್ಬಿಸಿದಳು. ಮಗ್ಗುಲು ಬದಲಿಸದೆ ಅಲ್ಲೇ ಮಲಗಿದ್ದೆ, ಇನ್ನೊಂದು ಸಲ ಒತ್ತಲಿ ಅಂತ. ಒತ್ತಿದಳು.

ಮುಲಾಮು ಹಚ್ಚಿಸೋಕೆ ದಿನಾ ಐದಕ್ಕೆ ನಾವೇ ಕೆಳಗೆ ಇಳೀಬೇಕು. ಆರು ದಿನದಿಂದ ಹೊಸ್ತಿಲಾಚೆ ಕೂರಿಸಿ, ತಾವು ಒಳಗೆ ಕೂತು, ಕೈ ಚಾಚಿ ಹಚ್ತಾರೆ ಚಿಕ್ಕಮ್ಮ. ಹೊಸ್ತಿಲು ದಾಟಿಸಿಲ್ಲ. ನಾನೂ ಕೇಳಿಲ್ಲ. ಇನ್ನು ಅವರಿಗೆ ಬೇಡದ್ದು ಯಾವುದನ್ನೂ ಉಪಾಯ ಮಾಡಿ ಗಿಟ್ಟಿಸಲ್ಲ, ಅಷ್ಟು ಬುದ್ಧಿ ಬಂದಿದೆ.

ಇವತ್ತು ಕಾರ್ಡ್ ನೋಡ್ತಾ ಕೂತು ಹತ್ತು ನಿಮಿಷ ತಡ ಆಯ್ತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಿಂತು ನಿಂತು ಬರ್ತಿದೆ — ಚಿಕ್ಕಮ್ಮನ ಮಂಡಿ ನೋವಿನ ಹೆಜ್ಜೆ. ನಾಲ್ಕನೇ ಮಹಡಿ ಇರಬೇಕು. "ಬದುಕಿದೀರೇನ್ರೇ ಇಬ್ಬರೂ?" ಅಂತ ಕೂಗ್ತಿದಾರೆ. ಹೋಗಿ ಕೈ ಹಿಡಿಯೋಣ ಅಂತ ಬಾಗಿಲು ತೆಗೆದಿಟ್ಟೆ, ಪೆನ್ನು ಮುಚ್ಚೋದರೊಳಗೆ ಹುರುಳಿ, ಊರದ ಕಾಲೂ ಊರಿಕೊಂಡು, ಆಗಲೇ ಚಿಕ್ಕಮ್ಮನ ಕಡೆ ಮೆಟ್ಟಿಲು ಇಳೀತಿದಾಳೆ.