ಓದು ಬಾರದ ಚನ್ನಕ್ಕ ಮತ್ತು ಮೂವತ್ತೆಂಟು ಗ್ರಂಥಾಲಯಗಳು

ಮೌಲ್ಯಮಾಪನದ ಹೊಣೆ ಹೊತ್ತ ಮಾನ್ಯ ಕುಲಸಚಿವರೇ,

ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ವಿಷಯದಲ್ಲಿ ತಮ್ಮ ವಿಶ್ವವಿದ್ಯಾಲಯ ನನ್ನನ್ನು ಫೇಲು ಮಾಡಿದೆ. ನನ್ನ ಅಪರಾಧವಿಷ್ಟೇ: ಪಠ್ಯಪುಸ್ತಕದಲ್ಲಿ ಬರೆದದ್ದನ್ನು ನಂಬಿಬಿಟ್ಟೆ.

ಬಿ.ಸಿ.ಎ. ಐದನೇ ಸೆಮಿಸ್ಟರಿನ ಆ ಪುಸ್ತಕದ ಮೊದಲ ಪಾಠವೇ ಹೇಳುತ್ತದೆ, ಏನನ್ನಾದರೂ ಕಟ್ಟುವ ಮುನ್ನ ಅದನ್ನು ಬಳಸುವವರ ಬಳಿ ಹೋಗಿ ಏನು ಬೇಕೆಂದು ಕೇಳಬೇಕು ಎಂದು. ನಮ್ಮ ತರಗತಿಯ ಮೂವತ್ತೊಂಬತ್ತು ಮಂದಿಯಲ್ಲಿ ಮೂವತ್ತೆಂಟು ಜನ ಯಾರನ್ನೂ ಕೇಳುವ ಗೋಜಿಗೆ ಹೋಗದೆ, ಪರೀಕ್ಷೆಗೆ ಒಪ್ಪಿಸಬೇಕಾದ ಪ್ರಾಜೆಕ್ಟಿಗೆಂದು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಿಂದ ‘ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ’ ಎಂಬ ಸಿದ್ಧ ಪ್ರೋಗ್ರಾಮನ್ನು ವರದಿ, ಸಿ.ಡಿ. ಸಮೇತ ತಂದರು. ಕೆಲವರ ವರದಿಯಲ್ಲಿ ತುಮಕೂರಿನ ಯಾವುದೋ ಕಾಲೇಜಿನ ಹೆಸರೂ ಹಾಗೇ ಉಳಿದಿತ್ತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇವತ್ತಿಗೂ ದಪ್ಪ ರಿಜಿಸ್ಟರಿನಲ್ಲಿ ಸಹಿ ಹಾಕಿಯೇ ಪುಸ್ತಕ ತರಬೇಕು ಎಂಬುದು ಬೇರೆ ಮಾತು.

ನಾನು ಮಾತ್ರ ಕೇಳಲು ಹೋದೆ. ಬಾಗಲಗುಂಟೆಯ ನಮ್ಮ ವಠಾರದಲ್ಲಿ ಯಾದಗಿರಿ ಕಡೆಯ ಚನ್ನಕ್ಕ, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರ ಹದಿನಾಲ್ಕು ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಾಳೆ. ತಾಯಂದಿರ ಶಿಫ್ಟು ವಾರಕ್ಕೊಮ್ಮೆ ಬದಲು. ಸಂಜೆ ಮಗುವನ್ನು ಕರೆದೊಯ್ಯಲು ಒಂದು ದಿನ ಚಿಕ್ಕಮ್ಮ, ಇನ್ನೊಂದು ದಿನ ಪಕ್ಕದ ಮನೆಯವರು ಬರುತ್ತಾರೆ. ಯಾರ ಕೈಗೆ ಯಾವ ಮಗುವನ್ನು ಕೊಡಬೇಕೆಂಬುದೇ ಅವಳ ನಿತ್ಯದ ದಿಗಿಲು. ನಾನು ಹುರುಪಿನಿಂದ ಹೆಸರುಗಳ ಪಟ್ಟಿ, ಪಾಸ್‌ವರ್ಡು ಎಲ್ಲ ಮಾಡಿಕೊಂಡು ಹೋದರೆ ಚನ್ನಕ್ಕ ನಕ್ಕುಬಿಟ್ಟಳು.

“ನನಗ ಅಕ್ಷರ ಬರಂಗಿಲ್ಲಬೇ ಸವಿತಾ. ಮಾರಿ ತೋರ್ಸು, ಯಾರಂತ ಹೇಳ್ತೀನಿ.”

ಎರಡು ವಾರದ ಕೆಲಸ ಅಳಿಸಿ ಹಾಕಿದೆ. ವರ್ಕ್‌ಶಾಪೊಂದು ಬಿಸಾಕಿದ್ದ ಹಳೇ ಕಂಪ್ಯೂಟರಿನಲ್ಲಿ ಹದಿನಾಲ್ಕು ಮಕ್ಕಳ ಫೋಟೊ ಹಾಕಿದೆ. ಮಗುವಿನ ಫೋಟೊ ಒತ್ತಿದರೆ, ಅದನ್ನು ಕರೆದೊಯ್ಯಬಹುದೆಂದು ತಾಯಿ ಒಪ್ಪಿದವರ ಮುಖಗಳು ಬರುತ್ತವೆ. ಅಷ್ಟೇ.

ನವೆಂಬರಿನ ಒಂದು ಸಂಜೆ ಒಬ್ಬ ಗಂಡಸು ಬಂದು ಮೂರು ವರ್ಷದ ಪಲ್ಲವಿಯ ಸೋದರಮಾವ ನಾನು, ತಾಯಿಯೇ ಕಳಿಸಿದ್ದಾಳೆ ಎಂದ. ಕೈಯಲ್ಲಿ ಚಾಕೊಲೇಟು. ಮಗುವಿನ ಹೆಸರು, ತಾಯಿಯ ಹೆಸರು, ಕಾರ್ಖಾನೆಯ ಹೆಸರು ಎಲ್ಲ ಸರಿಯಾಗಿಯೇ ಹೇಳಿದ. ಚನ್ನಕ್ಕ ಫೋಟೊ ಒತ್ತಿದಳು. ಅವನ ಮುಖ ಇರಲಿಲ್ಲ.

“ನಿನ್ನ ಮಾರಿ ಇದರಾಗ ಇಲ್ಲಪ್ಪ. ಕೊಡಂಗಿಲ್ಲ.”

ಅವನು ಬೈದ, ಬಾಗಿಲಿಗೆ ಒದ್ದ. ವಠಾರದವರು ಸೇರುತ್ತಿದ್ದಂತೆ ಓಡಿದ. ಶಿಫ್ಟು ಮುಗಿಸಿ ಬಂದ ತಾಯಿ ಭಾಗ್ಯಶ್ರೀ ಅವನ ಚಹರೆ ಕೇಳಿದೊಡನೆ ಯಾರೆಂದು ಗುರುತಿಸಿದಳು. ಹೊಡೆತ ತಾಳಲಾರದೆ ಅವಳು ಬಿಟ್ಟುಬಂದ ಗಂಡ ಕಳಿಸಿದ್ದ ಆಳು ಅವನು. ಆ ರಾತ್ರಿ ಅವಳು ಮಗುವನ್ನು ಮಡಿಲಿನಿಂದ ಇಳಿಸಲೇ ಇಲ್ಲ.

ಇದೇ ಪ್ರಾಜೆಕ್ಟನ್ನು ಹಿಡಿದು, ತಾವು ನೇಮಿಸಿದ ಪರೀಕ್ಷಕರ ಮುಂದೆ ನಿಂತೆ.

“ಲಾಗಿನ್ ಪೇಜ್ ಎಲ್ಲಮ್ಮ?”

“ಬಳಸೋರಿಗೆ ಓದೋಕೆ ಬರಲ್ಲ ಸಾರ್.”

“ಹಂಗಾದ್ರೆ ಓದು ಬರೋ ಯೂಸರ್‌ನ ಇಟ್ಕೋಬೇಕಿತ್ತು.”

ಎಂಥ ಅಮೋಘ ಜ್ಞಾನ, ಮಾನ್ಯರೇ! ಚಪ್ಪಲಿ ಹಿಡಿಸದಿದ್ದರೆ ಕಾಲನ್ನೇ ಬದಲಾಯಿಸಬೇಕೆಂದು ಇಪ್ಪತ್ತು ವರ್ಷ ಬದುಕಿದರೂ ನನಗೆ ಹೊಳೆದಿರಲಿಲ್ಲ. ಭಾಗ್ಯಶ್ರೀಯ ಸಂಗತಿ ಹೇಳಹೊರಟರೆ, “ಕತೆ ಬೇಡ, ಡಯಾಗ್ರಾಮ್ ತೋರಿಸು” ಎಂದರು. ಮೂವತ್ತೆಂಟು ಗ್ರಂಥಾಲಯಗಳು ಪಾಸಾದವು. ಅವುಗಳಿಂದ ಇದುವರೆಗೆ ಒಂದೇ ಒಂದು ಪುಸ್ತಕವನ್ನಾದರೂ ಯಾರಾದರೂ ಎರವಲು ಪಡೆದಿದ್ದಾರೆಯೇ? ಈ ಪ್ರಶ್ನೆ ಸಿಲಬಸ್ಸಿನಲ್ಲಿ ಇಲ್ಲವೇನೋ.

ನನಗೆ ಕೃಪಾಂಕ ಬೇಡ. ಮರುಪರೀಕ್ಷೆ ಬೇಕು, ಅದೂ ಚನ್ನಕ್ಕನ ಕೋಣೆಯಲ್ಲಿ, ಸಂಜೆ ಆರಕ್ಕೆ, ತಾಯಂದಿರು ಬರುವ ಹೊತ್ತಿಗೆ. ಪರೀಕ್ಷಕರೇ ಒಂದು ಮಗುವನ್ನು ಕರೆದೊಯ್ಯಲು ಯತ್ನಿಸಲಿ. ಚನ್ನಕ್ಕ ಕೊಟ್ಟರೆ ನಾನು ಫೇಲು, ಒಪ್ಪುತ್ತೇನೆ. ಕೊಡದಿದ್ದರೆ ಅಂಕಪಟ್ಟಿಯನ್ನು ತಿದ್ದಿ ಕಳಿಸಿ.

ಇಂತಿ,
ಪಾಠವನ್ನು ಪಾಠವೆಂದೇ ತಿಳಿದು ಕೆಟ್ಟ,
ಸವಿತಾ
ಬಾಗಲಗುಂಟೆ, ಫೆಬ್ರವರಿ ೨೦೧೩