ಉಳಿಸಿಟ್ಟ ರಜೆ

ಇಳಕಲ್,
ಗುರುವಾರ, ತಾ. ೫-೫-೧೯೮೩

ಮಗಳು ಸಾವಿತ್ರೆವ್ವನಿಗೆ ನಿನ್ನ ಮಾವ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪ್ರಕೃತಿ ಹೇಗಿದೆ? ಮಲೇರಿಯಾ ಗುಳಿಗೆಯನ್ನು ವಾರಕ್ಕೊಮ್ಮೆ ನುಂಗುತ್ತಿದ್ದೀಯೋ, ಇಲ್ಲ ಹೋದ ಸಲದಂತೆ ಕಹಿ ಎಂದು ಡಬ್ಬಿಯಲ್ಲೇ ಬಿಟ್ಟಿದ್ದೀಯೋ? ಆ ನೈಜೀರಿಯದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಹರಿಯುತ್ತದೆ ಎಂದು ನೀನು ಬರೆದಿದ್ದೆ. ಅದಕ್ಕೆ ನಿನ್ನ ಅತ್ತೆಯ ಉತ್ತರ ಹೀಗಿದೆ: "ಕುದಿಯೂ ನೀರು ಹಾಕಿ ನಾದಂತ ಬರೀರಿ. ಬಿ.ಎಸ್ಸಿ. ಕಲತಾಕಿಗೆ ಇದನ್ನೂ ನಾ ಹೇಳಬೇಕೇನು." ಸಂಗವ್ವ ಹೀಗೆ ಬೈಯುತ್ತಿದ್ದಾಳೆ ಎಂದರೆ ಆರಾಮ ಇದ್ದಾಳೆ ಎಂದು ತಿಳಿ. ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು, ಅದರ ಸುದ್ದಿ ಬೇಡ. ನಿನ್ನ ಮಗಳು ಬನವ್ವ ಆರಾಮ ಇದ್ದಾಳೆ, ಒಂದನೆಯ ಇಯತ್ತೆ ಪಾಸಾದಳು. ಇಲ್ಲಿ ಬಿಸಿಲು ಎಷ್ಟೆಂದರೆ ಮಧ್ಯಾಹ್ನ ಓಣಿಯ ಮಗ್ಗಗಳೂ ಎರಡು ತಾಸು ಸುಮ್ಮನಿರುತ್ತವೆ.

ನಿನ್ನನ್ನು ಮಗಳು ಎಂದು ಬರೆಯುವುದು ಸರಿಯಲ್ಲ, ಸೊಸೆಗೆ ಬರೆಯುವ ರೀತಿಯೇ ಬೇರೆ ಎಂದು ಯಾರೋ ಹಿರಿಯರು ಮೊನ್ನೆ ಮತ್ತೆ ತಗಾದೆ ತೆಗೆದರು. ನನ್ನ ಮಗ ಅಂದಪ್ಪ ಹೋದ ಮೇಲೆ ನಿನ್ನ ಹೆಸರಿನ ಹಿಂದೆ ಸೌಭಾಗ್ಯವತಿ ಎಂದು ಬರೆಯುವಂತಿಲ್ಲ, ಅದರ ಬದಲಿಗೆ ಅವರು ಹೇಳುವ ಶಬ್ದವನ್ನು ನನ್ನ ಪೆನ್ನು ಬರೆಯುವುದಿಲ್ಲ. ಬಸವಣ್ಣನ ಒಕ್ಕಲು ನಾವು, ನಮಗೆ ಮಗಳು ಎಂದರೆ ಸಾಕು ಎಂದೆ. ಎದ್ದು ಹೋದರು.

ಇನ್ನು ವಿಷಯಕ್ಕೆ ಬರುತ್ತೇನೆ, ಗಮನವಿಟ್ಟು ಓದು. ಸೋಮವಾರ ನಿನ್ನ ಕಾಗದ ಮುಟ್ಟಿತು. ಎಂದಿನಂತೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಈ ವರ್ಷವೂ ನೀನು ಊರಿಗೆ ಬರುವುದಿಲ್ಲವೆಂದೂ, ಜುಲೈ ತಿಂಗಳ ದೊಡ್ಡ ರಜೆಯಲ್ಲಿ ಹುಡುಗಿಯರ ಹಾಸ್ಟೇಲು ನೋಡಿಕೊಳ್ಳಲು ನಿಮ್ಮ ಪ್ರಿನ್ಸಿಪಾಲರು ಕೇಳಿದ್ದಾರೆಂದೂ, ನೀನು ಬಾಯಿಮಾತಿನಲ್ಲಿ ಒಪ್ಪಿದ್ದೀ ಎಂದೂ ಬರೆದಿದ್ದೀ. ಕೆಳಗೆ ಒಂದು ಸಾಲು: "ರಜೆ ಉಳಿಸು ಎಂದು ನೀವೇ ಹೇಳಿದ್ದೀರಿ, ಉಳಿಸುತ್ತಿದ್ದೇನೆ." ಆ ಸಾಲು ಓದಿ ಕಾಗದ ಮಡಚಿದೆ. ಸಂಗವ್ವ "ಮುಂದ ಓದ್ರಿ" ಎಂದಳು. ಮುಂದೆ ಏನೂ ಇರಲಿಲ್ಲ, ನಿನ್ನ ಸಹಿ ಇತ್ತು.

ಸಾವಿತ್ರಿ, ಆ ಹಾಸ್ಟೇಲಿನ ಕೆಲಸವನ್ನು ಒಪ್ಪಬೇಡ. ಬಾಯಿಮಾತು ಕೊಟ್ಟಿದ್ದರೂ ಇವತ್ತೇ ಹೋಗಿ ಆಗುವುದಿಲ್ಲ ಎಂದು ಹೇಳು. ನಾನು ಹೋದ ವರ್ಷ ನಿನಗೆ ಹೇಳಿದ್ದು ತಪ್ಪು.

ಯಾಕೆ ಹೇಳಿದೆ ಎಂಬುದು ನಿನಗೆ ಗೊತ್ತು. ಹುನಗುಂದ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಕಾರಕೂನಕಿ ಮಾಡಿ ಶಿರಸ್ತೇದಾರನಾಗಿ ಹೊರಗೆ ಬಂದವನು ನಾನು. ಅಲ್ಲಿ ತೆಗೆದುಕೊಳ್ಳದ ರಜೆ ಎಲ್ಲಿಗೂ ಹೋಗುತ್ತಿರಲಿಲ್ಲ, ಒಂದರ ಮೇಲೊಂದು ಕೂಡುತ್ತಿತ್ತು. ರಜೆ ಉಳಿಸುವುದೆಂದರೆ ನಮ್ಮಲ್ಲಿ ಮರ್ಯಾದೆಯ ಮಾತು. ಅಂದಪ್ಪನಿಗೆ ಸಣ್ಣವನಿದ್ದಾಗ ದಡಾರ ಬಂದು ಮೈ ಕಾದ ಹೆಂಚಾಗಿತ್ತು, ನಾನು ಹನ್ನೊಂದು ಗಂಟೆಗೆ ಸರಿಯಾಗಿ ಕೋರ್ಟಿನಲ್ಲಿದ್ದೆ. ಮುನ್ಸೀಫರು ಎಲ್ಲರೆದುರು ಹೊಗಳಿದರು. ಮನೆಗೆ ಬಂದರೆ ಸಂಗವ್ವ ತಾಟು ತಂದು ಇಟ್ಟು, ಮಗುವಿನ ಹತ್ತಿರ ಹೋಗಿ ಕೂತಳು. ಆ ರಜೆಗಳನ್ನೆಲ್ಲ ನಿವೃತ್ತಿಗೆ ಮೊದಲು ಒಟ್ಟಿಗೆ ತೆಗೆದುಕೊಂಡೆ. ಆಗ ಮನೆಯಲ್ಲಿ ಕೂತು ಏನು ಮಾಡಬೇಕೆಂಬುದೇ ತಿಳಿಯಲಿಲ್ಲ.

ಅದೇ ತಲೆಯಲ್ಲಿಟ್ಟುಕೊಂಡು ನಿನಗೂ ಹೇಳಿದೆ. ನೀನು ಹೋಗಿ ಹತ್ತು ತಿಂಗಳಾದಾಗ, ಸಂಬಳದ ರಜೆ ಇದೆ, ಸರಕಾರದ ಖರ್ಚಿನಲ್ಲೇ ಬಂದುಹೋಗಲೇ ಎಂದು ನೀನು ಕೇಳಿದ್ದೆ. ಬೇಡ, ಕೂಡಿಸಿಡು, ಮೂರನೆಯ ವರ್ಷ ಕರಾರು ಮುಗಿಸಿ ಒಟ್ಟಿಗೆ ಬಾ ಎಂದು ನಾನು ಬರೆದೆ. ಕರಾರು ಪತ್ರದ ಪ್ರತಿ ಇರುವುದು ಒಂದೇ, ದೂರದೇಶದಲ್ಲಿ ಕಳೆದೀತು ಎಂದು ನೀನೇ ಅದನ್ನು ನನ್ನ ಕೈಗೆ ಕೊಟ್ಟು ಹೋಗಿದ್ದೆ. ಮಾವನವರು ಕೋರ್ಟಿನವರು, ಅವರು ನೋಡಿಕೊಳ್ಳುತ್ತಾರೆ ಎಂದು. ನೋಡಿಕೊಂಡ ಚಂದ ಇದು. ಈ ಸೋಮವಾರ ನಿನ್ನ ಕಾಗದ ಬಂದ ಮೇಲೆ ಟ್ರಂಕು ತೆಗೆದು ಮೊದಲ ಸಲ ಅದನ್ನು ಪೂರ್ತಿ ಓದಿದೆ. ಹನ್ನೊಂದನೆಯ ಕಲಮು ಸ್ಪಷ್ಟವಾಗಿದೆ. ಪರದೇಶದ ಶಿಕ್ಷಕರಿಗೆ ವರ್ಷಕ್ಕೆ ನಲವತ್ತೈದು ದಿನ ಪೂರ್ಣ ಸಂಬಳದ ರಜೆ, ಹೋಗಿಬರುವ ವಿಮಾನದ ಖರ್ಚು ಅವರದು. ಆ ವರ್ಷದ ರಜೆಯನ್ನು ಆ ವರ್ಷದ ದೊಡ್ಡ ರಜೆಯಲ್ಲೇ ತೆಗೆದುಕೊಳ್ಳಬೇಕು, ಮುಂದಿನ ವರ್ಷಕ್ಕೆ ಸಾಗುವುದಿಲ್ಲ. ಹೋದ ವರ್ಷದ್ದು ಸತ್ತುಹೋಯಿತು. ಈ ವರ್ಷದ್ದು ಉಳಿಯಬೇಕಾದರೆ ಮೇ ಮೂವತ್ತೊಂದರೊಳಗೆ ಲಿಖಿತ ಅರ್ಜಿ ಕೊಡಬೇಕು. ಮೂರನೆಯ ವರ್ಷದ ಕೊನೆಗೆ ರಜೆಯೇ ಇಲ್ಲ, ಅಲ್ಲಿಂದ ಬಿಡುಗಡೆ ಅಷ್ಟೆ.

ನಿನ್ನ ಕಾಗದ ಇಲ್ಲಿಗೆ ಬರಲು ಹದಿನೇಳು ದಿನ ತೆಗೆದುಕೊಂಡಿದೆ. ಇದೂ ಅಷ್ಟೇ ತೆಗೆದುಕೊಂಡರೆ ಇಪ್ಪತ್ತೆರಡನೆಯ ತಾರೀಖಿಗೆ ನಿನ್ನ ಕೈಯಲ್ಲಿರುತ್ತದೆ, ಒಂಬತ್ತು ದಿನ ಉಳಿಯುತ್ತವೆ. ಲಾಗೋಸಿನಲ್ಲಿ ಟಪಾಲು ಕೂತರೆ ಅವೂ ಇಲ್ಲ. ಮುದತು ಮೀರಿ ಬಂದ ಎಷ್ಟೋ ಮಂದಿಯ ಅರ್ಜಿಗಳನ್ನು ನನ್ನ ಕೈಯಾರೆ ವಾಪಸು ಕೊಟ್ಟಿದ್ದೇನೆ. ಅವರು ಬಾಗಿಲಲ್ಲಿ ನಿಂತು ಬೇಡಿಕೊಳ್ಳುವಾಗ ನಾನು ಕ್ಯಾಲೆಂಡರು ತೋರಿಸುತ್ತಿದ್ದೆ. ಈಗ ನಮ್ಮ ಮನೆಯ ಕ್ಯಾಲೆಂಡರನ್ನು ನೋಡಲು ಆಗುತ್ತಿಲ್ಲ.

ಹಾಗಾದರೆ ತಾರು ಯಾಕೆ ಕೊಡಲಿಲ್ಲ ಎನ್ನುತ್ತೀ. ಮಂಗಳವಾರ ಪೋಸ್ಟು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. "ಕೂಡಲೆ ರಜೆ ಹಾಕಿ ಬಾ" ಎಂದು ತಂತಿಯ ಫಾರ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಪೋಸ್ಟಮಾಸ್ತರ ಜಾಫರಸಾಬ ಓದಿ ಫಾರ್ಮನ್ನು ನನ್ನ ಕಡೆಗೇ ಸರಿಸಿದ. "ಶಿರಸ್ತೇದಾರ್ರ, ಇದನ್ನ ಕೊಡಬ್ಯಾಡ್ರಿ. ಬಾ ಅಂತ ಓದಿದ ಕೂಡ್ಲೇ ಯಾರು ಹೋದ್ರು ಅಂತ ಎದಿ ಒಡಕೋತಾಳ." ಹಾಗಾದರೆ ಎಲ್ಲರೂ ಕ್ಷೇಮ ಎಂದು ಸೇರಿಸುತ್ತೇನೆ ಎಂದೆ. "ಕ್ಷೇಮ ಇದ್ದವ್ರು ಯಾರರೆ ತಾರ ಕೊಡ್ತಾರೇನ್ರಿ? ಅದು ಇನ್ನೂ ಕೆಟ್ಟದ್ದು." ಖರೆ ಮಾತು. ನಾಲ್ಕು ವರ್ಷದ ಹಿಂದೆ ಅಂದಪ್ಪನಿಗೆ ಕಾಮಾಲೆ ತಲೆಗೇರಿ ಹೋದಾಗ ನೀನು ಧಾರವಾಡದಲ್ಲಿ ಬಿ.ಎಡ್. ಪರೀಕ್ಷೆಯಲ್ಲಿದ್ದೆ. ಅಂದಪ್ಪ ಸೀರಿಯಸ್ ಎಂದು ತಾರು ಕೊಟ್ಟವನು ನಾನು, ಅದನ್ನು ಕಳಿಸಿದವನು ಇದೇ ಜಾಫರಸಾಬ. ನಮ್ಮ ಕಡೆ ಸತ್ತರು ಎಂದು ಯಾರೂ ತಾರು ಕೊಡುವುದಿಲ್ಲ, ಸೀರಿಯಸ್ ಎಂದೇ ಕೊಡುತ್ತಾರೆ, ಓದುವವರಿಗೂ ಅದು ಗೊತ್ತು. ನೀನು ಬರುವಾಗ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲೇ ಬಳೆ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದೆಯಂತೆ. ಅಂಥವಳ ಕೈಗೆ ನನ್ನ ಹೆಸರಿನ ಇನ್ನೊಂದು ತಾರು ಹೇಗೆ ಕೊಡಲಿ? ಅದನ್ನು ನೋಡಿದರೆ ನೀನು ಅರ್ಜಿ ಬರೆಯುತ್ತಾ ಕೂರುವುದಿಲ್ಲ, ಉಟ್ಟ ಸೀರೆಯಲ್ಲೇ ಹೊರಡುತ್ತೀ. ಮಂಜೂರಿಯಿಲ್ಲದೆ ಹೊರಟರೆ ಕರಾರು ಮುರಿದಂತೆ, ನೌಕರಿಯೂ ಹೋಗುತ್ತದೆ. ಫಾರ್ಮು ಹರಿದು ಕಿಸೆಗೆ ಹಾಕಿಕೊಂಡು ಬಂದೆ.

ಹಾಗಾಗಿ ನಾನು ಬಲ್ಲ ದಾರಿಯನ್ನೇ ಹಿಡಿದಿದ್ದೇನೆ. ನಿನ್ನೆ ಹುನಗುಂದಕ್ಕೆ ಹೋಗಿ, ಕೋರ್ಟಿನ ಎದುರಿಗೆ ಬೇವಿನಗಿಡದ ಕೆಳಗೆ ಕೂಡುವ ಟೈಪಿಸ್ಟ ಅಮಾತೆಪ್ಪನಿಂದ ನಿನ್ನ ಪರವಾಗಿ ರಜೆಯ ಅರ್ಜಿಯನ್ನು ಟೈಪು ಮಾಡಿಸಿ ತಂದಿದ್ದೇನೆ. ಎರಡು ಪ್ರತಿ ಈ ಲಕೋಟೆಯಲ್ಲಿವೆ. ಹನ್ನೊಂದನೆಯ ಕಲಮಿನ ಮಾತುಗಳನ್ನು ಇದ್ದಂತೆ ಎತ್ತಿ ಹಾಕಿದ್ದೇನೆ, ಯಾರೂ ಇಲ್ಲ ಎನ್ನುವಂತಿಲ್ಲ. ನೀನು ಸಹಿ ಮಾಡಿ ತಾರೀಖು ಹಾಕುವುದಷ್ಟೆ. ಒಂದು ಪ್ರತಿ ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿತು ಎಂದು ಪ್ರಿನ್ಸಿಪಾಲರ ಸಹಿ, ಶಿಕ್ಕಾ, ತಾರೀಖು ಮೂರನ್ನೂ ತೆಗೆದುಕೊ. ಅವರು ನಗುತ್ತಾ ನಾಳೆ ನೋಡೋಣ ಎಂದರೆ ನೀನೂ ನಗುತ್ತಾ ಅಲ್ಲೇ ಕೂತುಕೊ. ಈ ಕಾಗದದ ನಕಲನ್ನು ಇನ್ನೆರಡು ಅರ್ಜಿಗಳ ಜೊತೆ ನಾಳೆ ಬಾಗಲಕೋಟೆಗೆ ಹೋಗಿ ದೊಡ್ಡ ಪೋಸ್ಟಿನಲ್ಲಿ ಹಾಕುತ್ತೇನೆ. ಎರಡರಲ್ಲಿ ಒಂದಾದರೂ ಮುಟ್ಟಲಿ.

ಹಾಸ್ಟೇಲಿನವರಿಗೆ ಬೇಸರವಾಗುತ್ತದೆ ಎಂದು ಹಿಂಜರಿಯಬೇಡ. ನಿನ್ನ ಸ್ವಭಾವ ನನಗೆ ಗೊತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಹಲ್ಲು ಕಚ್ಚಿ ಕೂರುವವಳು ನೀನು. ಅದಕ್ಕೇ ಒಂದು ಸಂಗತಿ ಬರೆಯುತ್ತೇನೆ, ಬರೆಯಬಾರದೆಂದಿದ್ದೆ. ಏಪ್ರಿಲ್ ಹತ್ತರಂದು ಬನವ್ವನ ರಿಸಲ್ಟು ಕೇಳಲು ಸಾಲೆಗೆ ಹೋಗಿದ್ದೆ. ಅವಳ ದುರಗವ್ವ ಟೀಚರು ಈ ಊರಿಗೆ ಹೊಸಬರು. ಮಗುವಿನ ಗಲ್ಲ ಹಿಡಿದು "ಶಾಣ್ಯಾ ಹುಡುಗಿ. ನಿಮ್ಮವ್ವನ ಹೆಸರೇನ?" ಎಂದು ಕೇಳಿದರು. ಬನವ್ವ "ಸಂಗವ್ವ" ಎಂದಳು. ಒಂದು ಕ್ಷಣವೂ ತಡೆಯಲಿಲ್ಲ, ಪಾಠ ಒಪ್ಪಿಸಿದ ಹಾಗೆ ಹೇಳಿದಳು. ದಫ್ತರದಲ್ಲಿ ಒಂದು ತಪ್ಪು ಅಕ್ಷರ ಕಂಡರೂ ಕೆಂಪು ಶಾಯಿ ತೆಗೆಯುತ್ತಿದ್ದ ನಾನು ಅದನ್ನು ತಿದ್ದದೆ ಮಗುವಿನ ಕೈ ಹಿಡಿದು ಹೊರಟೆ. ಮನೆಗೆ ಬಂದು ಹೇಳಿದಾಗ ಸಂಗವ್ವ ಕಾಳು ಕೇರುತ್ತಿದ್ದ ಮರವನ್ನು ಕೆಳಗಿಟ್ಟು, "ಅಲ್ಲೇ ತಿದ್ದಬೇಕಿಲ್ರಿ? ನಾ ಮುದುಕಿ, ನಾ ಹೆಂಗ ಅಕಿಗೆ ಅವ್ವ ಆಗ್ಲಿ?" ಎಂದು ಕೂಗಾಡಿದಳು. ಅವತ್ತಿನಿಂದ ದಿನಾಲು ಊಟಕ್ಕೆ ಮೊದಲು ನಿನ್ನ ಫೋಟೋ ತೋರಿಸಿ ಹೆಸರು ಹೇಳಿಸುತ್ತಾಳೆ. ಮಗು ಹೇಳುತ್ತದೆ, ಊಟದ ಆಸೆಗೆ. ಆರು ವರ್ಷದ ಮಕ್ಕಳಿಗೆ ಎರಡು ವರ್ಷವೆಂದರೆ ಎಷ್ಟಾಯಿತು ಎಂದು ನಾನು ಲೆಕ್ಕ ಹಾಕಿರಲಿಲ್ಲ. ಇನ್ನೂ ಒಂದು ವರ್ಷ ಬಿಟ್ಟು ನೀನು ಬಂದರೆ ಆ ಹುಡುಗಿ ನಿನ್ನನ್ನು ಕಂಡು ಬಾಗಿಲ ಹಿಂದೆ ಅಡಗುತ್ತಾಳೆ. ನನಗೆ ಹೆದರಿಕೆಯಾಗಿದೆ, ಸಾವಿತ್ರಿ. ನಿನ್ನ ಮಾವನ ಬಾಯಲ್ಲಿ ಈ ಶಬ್ದ ನೀನು ಕೇಳಿರಲಿಕ್ಕಿಲ್ಲ.

ನಿನ್ನ ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬರುವಾಗ ಏನೂ ತರಬೇಡ, ನೀನು ಬಂದರೆ ಸಾಕು ಎಂದಿದ್ದಾಳೆ. ಬನವ್ವ ನಿನ್ನ ಕಾಲಿಗೆ ಬೀಳುತ್ತಾಳೆ. ಜಾಫರಸಾಬನ ಸಲಾಮು. ಬಸವಣ್ಣ ನಿನ್ನ ಬೆನ್ನಿಗಿರಲಿ, ಈ ಕಾಗದಕ್ಕೆ ದಾರಿ ಬಿಡಲಿ.

ನಿನ್ನ ಮಾವ,
ಕಾಶಪ್ಪ ಗೊಂಗಡಶೆಟ್ಟಿ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಟಪಾಲು ಹೋಗುವ ಹೊತ್ತಾಗಿದೆ, ಬೇಗ ಬರೆಯುತ್ತೇನೆ. ಕರಾರು ಪತ್ರವನ್ನು ಈ ಸೋಮವಾರ ಮೊದಲ ಸಲ ಓದಿದೆ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಮುಂಬಯಿಗೆ ಹೊರಟ ದಿನವೇ ಪೂರ್ತಿ ಓದಿದ್ದೆ. ಹದಿನಾಲ್ಕನೆಯ ಕಲಮು ಏನೆಂದರೆ, ಸಂಬಳದ ರಜೆಯ ಮೇಲೆ ಊರಿಗೆ ಬಂದ ಶಿಕ್ಷಕರು ಮರಳುವಾಗ ತಮ್ಮ ಮಗುವನ್ನು ಸರಕಾರದ ಖರ್ಚಿನಲ್ಲಿ ಜೊತೆಗೆ ಕರೆದೊಯ್ಯಬಹುದು. ಬೇರೆ ಯಾವ ದಾರಿಯಲ್ಲೂ ಮಗುವಿಗೆ ಖರ್ಚು ಕೊಡುವುದಿಲ್ಲ. ರಜೆಗೆ ನೀನು ಬಂದರೆ ಬನವ್ವ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ರಜೆ ಉಳಿಸು ಎಂದೆ. ದೀಪಾವಳಿಗೆ ನೀನು, ಅಲ್ಲಿಯ ಕೇರಳದ ಟೀಚರು ಮಕ್ಕಳನ್ನು ಕರೆಸಿಕೊಂಡಿದ್ದಾರೆ, ನಮ್ಮ ಕರಾರಿನಲ್ಲಿ ಹಾಗಿದೆಯೇ ಎಂದು ಕೇಳಿದಾಗ, ಗಂಡಹೆಂಡತಿ ಇಬ್ಬರೂ ಅಲ್ಲಿದ್ದರೆ ಮಾತ್ರ ಎಂದು ಬರೆದೆ. ಗಂಡನಿಲ್ಲದವಳಿಗೆ ಆ ಮಾತು ಬರೆದೆ. ಅಂದಪ್ಪ ಹೋದ ಮೇಲೆ ಈ ಮನೆಯಲ್ಲಿ ನಗುವುದು ಆ ಮಗು ಒಂದೇ, ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಅಮಾತೆಪ್ಪ ಟೈಪು ಮಾಡಿದ ಅರ್ಜಿಯಲ್ಲಿ ಮಗುವಿನ ಮಾತು ಹಾಕಿಸಿಲ್ಲ, ನಿನ್ನೆಯೂ ಮನಸ್ಸು ಗಟ್ಟಿಯಾಗಿರಲಿಲ್ಲ. ನಿನ್ನ ಸಹಿಯ ಮೇಲೆ ಜಾಗವಿದೆ, ಹದಿನಾಲ್ಕನೆಯ ಕಲಮಿನ ಪ್ರಕಾರ ಮಗಳು ಬನಶಂಕರಿಯೂ ನನ್ನ ಜೊತೆ ಬರುತ್ತಾಳೆ ಎಂದು ನಿನ್ನ ಕೈಯಿಂದ ಬರಿ. ಸಂಗವ್ವನಿಗೆ ಇದು ಯಾವುದೂ ಗೊತ್ತಿಲ್ಲ. ಡಬ್ಬಿಗೆ ಹಾಕಿ ಬಂದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಅಳುತ್ತಾಳೆ, ಅವಳು ಅತ್ತರೆ ನಾನು ಈ ಕಾಗದ ಹಾಕುವುದಿಲ್ಲ.