ಕೆಂಪು ದೋಣಿಯ ಬಿಸಿ ಎಂಜಿನ್

ಅಣ್ಣನಿಗೆ,

ನೀನು ಮಾರಲು ಇಟ್ಟಿರುವ ಎರಡು ಮೋಟಾರು ದೋಣಿಗಳನ್ನು ನೋಡಿ ಬಂದಾಗಿನಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ. "ಎರಡರಲ್ಲಿ ಯಾವುದಾದರೂ ತಗೋ, ಭಾನುವಾರ ಮಕ್ಕಳನ್ನು ಸುತ್ತಾಡಿಸು" ಅಂದವನು ನೀನೇ. ಆಮೇಲೆ ನೀಲಿಯದನ್ನು ಹೊಗಳಿ ಅಟ್ಟಕ್ಕೇರಿಸಿದೆ, ಕೆಂಪಿನದಕ್ಕೆ ಮಾತ್ರ ಹುಳುಕಿನ ಮೇಲೆ ಹುಳುಕು ಹೇಳಿದೆ. ತನ್ನ ಸಾಮಾನನ್ನು ತಾನೇ ಹಳಿಯುವ ಮಾರಾಟಗಾರ ಎಲ್ಲಾದರೂ ಉಂಟೇ? ನೀಲಿಯದನ್ನು ನನ್ನ ತಲೆಗೆ ಕಟ್ಟುತ್ತಿದ್ದೀಯ ಅಂದುಕೊಂಡೆ.

ಹಳೇ ಎಂಜಿನ್ ಕೊಳ್ಳುವಾಗ ಮೊದಲು ಮುಟ್ಟಿ ನೋಡು ಅಂತ ಅಪ್ಪ ಹೇಳುತ್ತಿದ್ದರಲ್ಲ, ನೀನು ಚಹಾ ತರಲು ಒಳಗೆ ಹೋದಾಗ ಮುಟ್ಟಿದೆ. ನೀಲಿಯದು ತಣ್ಣಗಿತ್ತು. ಬೇಸಿಗೆಯಿಂದ ನೀರಿಗೇ ಇಳಿದಿಲ್ಲ ಅಂದೆಯಲ್ಲ, ಆ ಕೆಂಪಿನದು ಇನ್ನೂ ಬಿಸಿಯಾಗಿತ್ತು! ಅದರ ಸೀಟಿನ ಕೆಳಗೆ ಒಂದು ಒದ್ದೆ ಲೈಫ್ ಜಾಕೆಟ್, ಪುಟ್ಟ ಮಗುವಿನ ಅಳತೆಯದು. ಚಹಾ ಹಿಡಿದು ಬಂದವನು ನಾನು ಕೇಳುವ ಮೊದಲೇ "ಪಕ್ಕದ ಮನೆಯವರದ್ದು" ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಅತ್ತಿಗೆ ಮಗಳನ್ನು ಕರೆದುಕೊಂಡು ಮನೆ ಬಿಟ್ಟು ವರ್ಷವಾಯಿತು. ಅವರ ಸುದ್ದಿಯೇ ಇಲ್ಲ ಅಂತ ಅಮ್ಮನ ಮುಂದೆ ಹೇಳುತ್ತಲೇ ಇದ್ದೀಯ. ನಾನು ಏನೂ ಕೇಳುವುದಿಲ್ಲ. ಅಮ್ಮನಿಗೂ ಬಾಯಿ ಬಿಡುವುದಿಲ್ಲ.

ನೀಲಿ ದೋಣಿ ನಮಗಿರಲಿ. ಕೆಂಪಿನದನ್ನು ಯಾರು ಕೇಳಿದರೂ ಕೊಡಬೇಡ. ಆ ಜಾಕೆಟ್ಟಿನ ಎಡಗಡೆ ಪಟ್ಟಿ ಹೊಲಿಗೆ ಬಿಟ್ಟಿದೆ, ಅದನ್ನು ಹೊಲಿಸದೆ ಮಗುವನ್ನು ದೋಣಿ ಹತ್ತಿಸಬೇಡ.

ಪಕ್ಕದ ಮನೆಯ ಆ ಮಗುವಿಗೆ ಹೇಳು, ಅತ್ತೆ ತುಂಬಾ ಕೇಳಿದಳು ಅಂತ.

ನಿನ್ನ ತಂಗಿ